ಗೋಡೆಯ ಮೇಲಿನ ನೆಲ್ಡಾ

ಆ ಚಿತ್ರವನ್ನು ಗೋಡೆಯಿಂದ ಇಳಿಸಿಬಿಡಬೇಕು, ಅವನು ಬರುವುದರೊಳಗೆ ಇಳಿಸಿಬಿಡಬೇಕು ಎಂದು ಆರ್ಡಿಸ್ ಹಾಲ್ವರ್ಸನ್ ಬೆಳಗಿನಿಂದ ಅಂದುಕೊಳ್ಳುತ್ತಲೇ ಇದ್ದಳು. ಕಾಫಿಗೆ ನೀರಿಡುವಾಗ, ಬ್ರೆಡ್ಡಿಗೆ ಬೆಣ್ಣೆ ಸವರುವಾಗ, ಕಿಟಕಿಯಾಚೆ ಏಪ್ರಿಲ್ ಬಂದರೂ ಕರಗದೆ ಕೊಳಕು ಹಿಡಿದು ಕೂತ ಹಿಮವನ್ನು ನೋಡುವಾಗ, ಅದೊಂದೇ ಯೋಚನೆ. ಇಳಿಸಿ ಎಲ್ಲಿಡುವುದು? ಎಪ್ಪತ್ತು ದಾಟಿದ ಹೆಂಗಸು, ಹೆಸರುವಾಸಿಯಾದ ಮಕ್ಕಳ ಲೇಖಕಿ, ಶಾಲೆಯ ಗೋಡೆಯಿಂದ ಚೌಕಟ್ಟು ಹಾಕಿದ ಚಿತ್ರ ಕಿತ್ತು ಕೋಟಿನೊಳಗೆ ತುರುಕಿಕೊಂಡು ಓಡುವುದುಂಟೆ? ತಿರುಗಿಸಿ ಗೋಡೆಗೆ ಮುಖಮಾಡಿ ಇಡಬಹುದು. ಮೇಲೊಂದು ಬಾವುಟ ತೂಗುಹಾಕಬಹುದು. ಶಾಲೆಯ ಗ್ರಂಥಾಲಯದಲ್ಲಿ, ಮೀನಿನ ತೊಟ್ಟಿಯ ಮೇಲೆ, ಎಷ್ಟೋ ವರ್ಷಗಳಿಂದ ಅದು ಅಲ್ಲೇ ಇದೆ. ದಪ್ಪ ಕಪ್ಪು ಪೆನ್ನಿನಲ್ಲಿ ಬಿಡಿಸಿದ ಮುಳ್ಳುಹಂದಿ, ಕೈಯಲ್ಲಿ ಛತ್ರಿ. ಅವಳೇ ನೆಲ್ಡಾ, ಆರ್ಡಿಸಳ ಪುಸ್ತಕದ ನಾಯಕಿ. ಕೆಳಗೆ ಹಿತ್ತಾಳೆಯ ಪಟ್ಟಿಯಲ್ಲಿ, ‘ನಮ್ಮೂರ ಲೇಖಕಿ ಆರ್ಡಿಸ್ ಹಾಲ್ವರ್ಸನ್ ಅವರ ಕೈಯಿಂದ’. ಸುಳ್ಳೇನಲ್ಲ. ಕೈ ಅವಳದೇ. ಆದರೆ ಮುಳ್ಳುಹಂದಿ ಲೀಲ್ಯಾಂಡ್ ಪ್ರೂಯಿಟ್ ಎಂಬ ಚಿತ್ರಕಾರನದು, ಮತ್ತು ಆ ಲೀಲ್ಯಾಂಡ್ ಪ್ರೂಯಿಟ್ ಇವತ್ತು ಅದೇ ಶಾಲೆಗೆ ಬರುತ್ತಿದ್ದಾನೆ. ತಾವಿಬ್ಬರೂ ಸೇರಿ ಮಾಡಿದ ಪುಸ್ತಕಕ್ಕೆ ಮೂವತ್ತು ತುಂಬಿದರೂ ಆರ್ಡಿಸ್ ಅವನ ಮುಖವನ್ನು ಇದುವರೆಗೆ ಕಂಡಿರಲಿಲ್ಲ.

ಹೊರಗೆ ತಂಗಿ ಮಾರ್ಲಿಸ್ ಹಾರನ್ ಹೊಡೆದಳು. ಹಿಮ ಬಿದ್ದ ದಾರಿಯಲ್ಲಿ ಆರ್ಡಿಸ್ ಗಾಡಿ ಓಡಿಸುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಎಲ್ಲಿಗೆ ಹೋಗಬೇಕಾದರೂ ಮಾರ್ಲಿಸಳ ಗಾಡಿ, ಅದರ ಜೊತೆಗೆ ಬಿಟ್ಟಿಯಾಗಿ ಅವಳ ನಾಲಗೆ.

"ಏನೇ ಇಷ್ಟು ಬೇಗ? ಮಕ್ಕಳು ಇನ್ನೂ ಬಸ್ಸಲ್ಲೇ ಇರ್ತಾವೆ."

"ಸ್ವಲ್ಪ ಕೆಲ್ಸ ಇದೆ."

"ಏನ್ ಕೆಲ್ಸ ಅಂತ ನಂಗೊತ್ತಿಲ್ವಾ? ಗೋಡೆ ಮೇಲಿನ ಕೆಲ್ಸ."

"ಸುಮ್ನೆ ಗಾಡಿ ಓಡ್ಸು ಮಾರ್ಲಿಸ್."

"ಓಡಿಸ್ತಾ ಇದೀನಲ್ಲ. ನಾನು ಆವತ್ತೇ ಹೇಳ್ದೆ, ಅವನ ಮುಳ್ಳುಹಂದಿ ಸಹವಾಸ ನಿಂಗ್ಯಾಕೆ ಅಂತ. ಪಕ್ಕದ್ಮನೆ ಕೋಳಿ ನಮ್ಮ ಹಿತ್ಲಲ್ಲಿ ಮೊಟ್ಟೆ ಇಟ್ರೆ ಮೊಟ್ಟೆ ನಮ್ದಾಗುತ್ತಾ?"

"ನಂದು ಅಂತ ನಾನೆಲ್ಲೂ ಹೇಳಿಲ್ಲ."

"ಅವನದು ಅಂತಾನೂ ಹೇಳಿಲ್ವಲ್ಲೇ ತಾಯಿ."

ಆರ್ಡಿಸ್ ಕಿಟಕಿಯ ಕಡೆ ತಿರುಗಿದಳು. ಧಾನ್ಯದ ಗೋಪುರ, ಲೂಥರನ್ ಚರ್ಚು, ಚರ್ಚಿನ ನೆಲಮಾಳಿಗೆಯ ಸಣ್ಣ ಕಿಟಕಿ. ಆ ಕಿಟಕಿ ಕಂಡಾಗಲೆಲ್ಲ ಅವಳ ಮೈ ಬಿಗಿಯುತ್ತಿತ್ತು. ಅವಳಿನ್ನೂ ಹುಡುಗಿಯಾಗಿದ್ದಾಗ, ಅಪ್ಪನನ್ನು ಮಣ್ಣು ಮಾಡಿ ಬಂದ ದಿನ ಆ ನೆಲಮಾಳಿಗೆಯಲ್ಲಿ ಊರಿನ ಹೆಂಗಸರೆಲ್ಲ ಕಾಫಿ, ಹ್ಯಾಮ್ ಇಟ್ಟ ಬನ್ನು ಹಂಚುತ್ತ ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ಅಮ್ಮನನ್ನು ತಬ್ಬಿದರು, ಪುಟ್ಟ ಮಾರ್ಲಿಸಳನ್ನು ಎತ್ತಿ ಎತ್ತಿ ತಬ್ಬಿದರು. ಕೋಟುಗಳನ್ನು ನೇತುಹಾಕಿದ ಕಡೆ ಆರ್ಡಿಸ್ ಕೈಗಳನ್ನು ಪಕ್ಕಕ್ಕೆ ಅಂಟಿಸಿಕೊಂಡು ನಿಂತಿದ್ದಳು. ಒಬ್ಬಳು ತೋಳು ಚಾಚಿ ಹತ್ತಿರ ಬಂದಾಗ ಅಮ್ಮ ಅಂದಳು, "ಅವಳನ್ನ ಬಿಡಿ, ಅವಳಿಗೆ ಮುಟ್ಟಿದ್ರೆ ಆಗಲ್ಲ." ಆ ಹೆಂಗಸು ನಕ್ಕು ಬೇರೆ ಕಡೆ ನೋಡಿದಳು. ನಂತರ ಬಂದವರೂ ಹಾಗೆಯೇ, ಬಲು ಮರ್ಯಾದೆಯಿಂದ, ಅವಳನ್ನು ಬಿಟ್ಟು ಬೇರೆ ಕಡೆ ನೋಡುತ್ತ ಹಾದುಹೋದರು. ಅಮ್ಮ ಹೇಳಿದ್ದು ನಿಜವೇ ಆಗಿತ್ತು. ನಿಜವಾಗಿತ್ತು ಎಂಬುದೇ ಆರ್ಡಿಸ್‌ಗೆ ಜೀವಮಾನವಿಡೀ ಆರದ ಸಂಕಟ. ಬೇಡ ಅಂತ ನಿಂತಿದ್ದಳು ಸರಿ, ಆದರೂ ಯಾರಾದರೂ ಇನ್ನೊಂದು ಸಲ ಕೇಳಬಾರದಿತ್ತೆ?

ಅದನ್ನೇ ಅವಳು ಬರೆದದ್ದು. ‘ನೆಲ್ಡಾ ಬಾಗಿಲ ಹತ್ತಿರ ನಿಂತಿದ್ದಳು. ಎಲ್ಲರೂ ಎಲ್ಲರನ್ನೂ ತಬ್ಬಿಕೊಂಡರು. ನೆಲ್ಡಾಳನ್ನು ಯಾರೂ ತಬ್ಬಿಕೊಳ್ಳಲಿಲ್ಲ.’ ಇಡೀ ಪುಸ್ತಕದಲ್ಲಿ ಮುಳ್ಳುಹಂದಿ ಎಂಬ ಮಾತು ಒಂದು ಸಲವೂ ಇಲ್ಲ. ನೆಲ್ಡಾ ಹುಡುಗಿ. ಮೂಗಿನ ಮೇಲೆ ಕಂದು ಚುಕ್ಕೆಗಳಿರುವ, ಮೊಣಕಾಲು ದಪ್ಪಗಿರುವ ಹುಡುಗಿ. ಆದರೆ ಅದನ್ನೂ ಬರೆದಿರಲಿಲ್ಲ, ಬರೆಯಬೇಕೆಂದು ತೋಚಿರಲಿಲ್ಲ, ಹುಡುಗಿ ಅಂದಮೇಲೆ ಹುಡುಗಿ ತಾನೆ. ಬರೆದದ್ದನ್ನು ನ್ಯೂಯಾರ್ಕಿನ ಸಂಪಾದಕಿಗೆ ಕಳಿಸಿದಳು. ಸಂಪಾದಕಿ ಅದನ್ನು ಎರಡು ಸಾವಿರ ಮೈಲಿ ಆಚೆ ನ್ಯೂಮೆಕ್ಸಿಕೋದಲ್ಲಿದ್ದ ಲೀಲ್ಯಾಂಡ್ ಪ್ರೂಯಿಟ್‌ಗೆ ಕಳಿಸಿದಳು. ಆ ವ್ಯವಹಾರದ ಪದ್ಧತಿಯೇ ಹಾಗೆ. ಬರೆಯುವವರು ಬರೆಯಬೇಕು, ಬಿಡಿಸುವವರು ಬಿಡಿಸಬೇಕು, ಇಬ್ಬರೂ ಒಬ್ಬರನ್ನೊಬ್ಬರು ಮಾತಾಡಿಸಕೂಡದು. ಮದುವೆಯ ತನಕ ಹೆಣ್ಣು ಗಂಡನ್ನು ಎದುರುಬದುರು ಬಿಡದ ಹಳೆಯ ಕಾಲದ ಹಿರಿಯರ ಹಾಗೆ ಸಂಪಾದಕಿ ನಡುವೆ ಕೂತಿದ್ದಳು. ಒಂದು ದಿನ ಚಿತ್ರಗಳ ಕಟ್ಟು ಬಂತು. ಆರ್ಡಿಸ್ ಕೈ ತೊಳೆದುಕೊಂಡು, ಒರೆಸಿಕೊಂಡು, ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿದಳು. ಒಳಗೆ ತನ್ನ ಮುಖ ಇರುತ್ತದೆ ಎಂದುಕೊಂಡಿದ್ದಳು. ಇದ್ದದ್ದು ಮುಳ್ಳುಹಂದಿ. ಹಾಳೆ ತಿರುಗಿಸಿದಂತೆಲ್ಲ ಮುಳ್ಳುಹಂದಿ, ಬಾಗಿಲ ಬಳಿ ಮುಳ್ಳುಹಂದಿ, ಛತ್ರಿ ಹಿಡಿದ ಮುಳ್ಳುಹಂದಿ. ನಗು ಬರುವಂತಿತ್ತು. ತಬ್ಬಿಕೊಳ್ಳದೇ ಇರುವುದಕ್ಕೆ ಈಗ ಎಲ್ಲರಿಗೂ ಕಾರಣ ಸಿಕ್ಕಿತ್ತು. ಚುಚ್ಚುತ್ತದಲ್ಲ! ಸಂಪಾದಕಿ ಫೋನಿನಲ್ಲಿ, "ಹೇಗಿದೆ ಹೇಳು, ಹೇಗಿದೆ ಹೇಳು" ಎಂದು ಕುಣಿದಳು. ಆರ್ಡಿಸ್ ಗಂಟಲು ಸರಿಮಾಡಿಕೊಂಡು, "ಬೇರೆ ಥರ ಇದೆ" ಅಂದಳು. ಅವಳ ಸೀಮೆಯಾದ ಮಿನೆಸೋಟದಲ್ಲಿ ಅದಕ್ಕಿಂತ ಕಟುವಾಗಿ ಯಾರೂ ಬೈಯುವುದಿಲ್ಲ. ನ್ಯೂಯಾರ್ಕಿನವಳು ಅದನ್ನು ಹೊಗಳಿಕೆ ಎಂದುಕೊಂಡು, "ಅಲ್ವಾ!" ಎಂದು ಫೋನಿಟ್ಟಳು. ಪುಸ್ತಕ ದೇಶಕ್ಕೆಲ್ಲ ಹರಡಿತು.

"ಇಳಿ, ಬಂತು ನಿನ್ನ ಶಾಲೆ," ಅಂದಳು ಮಾರ್ಲಿಸ್. "ಧೈರ್ಯ ಸಾಲದಿದ್ರೆ ಹೇಳು, ನಾನೇ ಕುರ್ಚಿ ಹತ್ತಿ ಕೀಳ್ತೀನಿ."

ಬಾಗಿಲಲ್ಲೇ ಆಲೂಗಡ್ಡೆಗೆ ಹಲ್ಲುಕಡ್ಡಿ ಚುಚ್ಚಿ ಮಾಡಿದ ಮುಳ್ಳುಹಂದಿಗಳ ಸಾಲು. ಪ್ರತಿ ಏಪ್ರಿಲ್‌ನಲ್ಲೂ ಅವಳು ಮಕ್ಕಳನ್ನು ನೋಡಲು ಬಂದಾಗ ಇದೇ. ಮೊದಲ ಸಲ ಬಂದಾಗ ಅವಳು ಪ್ರಾಮಾಣಿಕಳಾಗಿಯೇ ಇದ್ದಳು. ಮಕ್ಕಳು "ನೆಲ್ಡಾನ ಬಿಡ್ಸಿ, ನೆಲ್ಡಾನ ಬಿಡ್ಸಿ" ಎಂದಾಗ, ಚಿತ್ರ ನಾನು ಬಿಡಿಸಿದ್ದಲ್ಲ, ಬೇರೆಯವರು ಎಂದಿದ್ದಳು. ಇಡೀ ಕೋಣೆಯ ಮುಖ ಇಳಿಯಿತು. ಮುಂದೆ ಕೂತಿದ್ದ ಹುಡುಗನೊಬ್ಬ, ಕೆಟ್ಟ ಮನಸ್ಸಿನಿಂದಲ್ಲ, ತಿಳಿಯಬೇಕೆಂದೇ ಕೇಳಿದ್ದ, "ಹಾಗಾದ್ರೆ ನೀವೇನ್ ಮಾಡಿದ್ರಿ?" ಮಾತುಗಳನ್ನ ಬರ್ದೆ ಅಂದಳು. "ಬರೀ ಮಾತಾ?" ಅಂದ. ಆ ರಾತ್ರಿ ನಿದ್ದೆ ಹತ್ತಲಿಲ್ಲ. ಮರುದಿನದಿಂದ ಅಡುಗೆಮನೆಯ ಕಿಟಕಿಯ ಗಾಜಿಗೆ ಪುಸ್ತಕದ ಹಾಳೆ ಅಂಟಿಸಿ, ಮೇಲೊಂದು ತೆಳು ಕಾಗದವಿಟ್ಟು, ಹೊರಗಿನ ಬೆಳಕಿನಲ್ಲಿ ಗೆರೆಯ ಮೇಲೆ ಗೆರೆ ತಿದ್ದಿದಳು. ಒಂದು ಚಳಿಗಾಲ ಪೂರ್ತಿ. ಮುಂದಿನ ವಸಂತದಲ್ಲಿ ಮಕ್ಕಳೆದುರು ಒಂದೇ ಉಸಿರಿಗೆ ನೆಲ್ಡಾಳನ್ನು ಬಿಡಿಸಿದಾಗ ಆ ಪುಟ್ಟ ಬಾಯಿಗಳೆಲ್ಲ ಒಟ್ಟಿಗೆ "ಓ" ಎಂದವು. ಆ ಒಂದು "ಓ"ಗಾಗಿ ಅವಳು ತನ್ನ ಹುಡುಗಿಯನ್ನು ಎರಡನೆಯ ಸಲ ಬಿಟ್ಟುಕೊಟ್ಟಳು. ಆಮೇಲೆ ಸಹಿಯ ಪಕ್ಕದಲ್ಲೂ ಸಣ್ಣದೊಂದು ಮುಳ್ಳುಹಂದಿ. ಊರೂರಿನ ಶಾಲೆ, ಊರೂರಿನ ಪುಸ್ತಕದಂಗಡಿ. ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಇವತ್ತು ಈ ಮಕ್ಕಳ ಕಣ್ಣೆದುರೇ ಅವನು ಬೆರಳು ತೋರಿಸಿ ಇದು ನನ್ನದು ಅಂದುಬಿಟ್ಟರೆ, ಇವಳದು ಏನು ಉಳಿಯಿತು? ಬರೀ ಮಾತು.

ಗ್ರಂಥಾಲಯದ ಬಾಗಿಲು ತೆರೆದೇ ಇತ್ತು. ಮೀನಿನ ತೊಟ್ಟಿಯ ಮುಂದೆ ಉದ್ದನೆಯ ಮುದುಕನೊಬ್ಬ ಬೆನ್ನು ಮಾಡಿ ನಿಂತಿದ್ದ. ಆರ್ಡಿಸ್ ಹೊಸ್ತಿಲಲ್ಲೇ ನಿಂತಳು. ಗ್ರಂಥಾಲಯ ನೋಡಿಕೊಳ್ಳುವ ಡಾರ್ಲಾ ಎರಡೂ ಕೈ ಎತ್ತಿಕೊಂಡು ಓಡಿಬಂದಳು.

"ಆರ್ಡಿಸ್! ನೋಡಿ ಯಾರು ಬಂದಿದಾರೆ! ಲೀಲ್ಯಾಂಡ್ ಅವ್ರು ಆಗ್ಲೇ ಬಂದ್ಬಿಟ್ರು. ನಿಮ್ಮ ಚಿತ್ರ ತೋರಿಸ್ತಾ ಇದ್ದೆ. ನಮ್ಮ ಶಾಲೆಯ ಆಸ್ತಿ ಇದು ಅಂದೆ. ನೀವಿಬ್ರೂ ಹಳೇ ಗೆಳೆಯರು, ನಾನೇನು ಪರಿಚಯ ಮಾಡ್ಸೋದು, ಅಲ್ವಾ?"

ಮುದುಕ ನಿಧಾನವಾಗಿ ತಿರುಗಿದ. ಬಿಸಿಲಿನ ನಾಡಿನ ಒಣಗಿದ ಮುಖ. ಬಲಗೈ ಕೋಟಿನ ಜೇಬಿನಲ್ಲಿತ್ತು, ಅದನ್ನು ಹೊರತೆಗೆಯಲಿಲ್ಲ. ಆರ್ಡಿಸ್ ಅರ್ಧಕ್ಕೆ ಚಾಚಿದ ತನ್ನ ಕೈಯನ್ನು ಹಿಂತೆಗೆದುಕೊಂಡಳು. ಇನ್ನೊಬ್ಬರ ಕೈ ಹಿಡಿಯಬೇಕಾಗಿಲ್ಲವಲ್ಲ ಎಂದು ಒಂದು ಕ್ಷಣ ಹಗುರಾದಳು, ಮರುಕ್ಷಣ ಮುಖಕ್ಕೆ ಹೊಡೆದಂತಾಯಿತು. ಕೈ ಕೊಡುವಷ್ಟೂ ಯೋಗ್ಯತೆ ಇಲ್ಲವೇ ನನಗೆ? ಅವನು ಮತ್ತೆ ಗೋಡೆಯ ಕಡೆ ನೋಡಿದ.

"ಚೌಕಟ್ಟು ಚೆನ್ನಾಗಿ ಹಾಕಿದಾರೆ," ಅಂದ.

ಅಷ್ಟೇ. ಅವಳು ಕಾದಳು. ಬೈದಿದ್ದರೆ ವಾಸಿಯಿತ್ತು. ಇಂತಹ ಮೌನವನ್ನು ಅವಳು ಚೆನ್ನಾಗಿ ಬಲ್ಲಳು, ಅದು ಅವಳದೇ ಊರಿನ ಸರಕು. ಅದು ಹೊರಗಿನಿಂದ ಬಂದವನ ಕೈಯಲ್ಲೂ ಇತ್ತು. ಮಾರ್ಲಿಸ್ ಹಿಂದಿನಿಂದ ಮೆಲ್ಲಗೆ, "ಕುರ್ಚಿ ಬೇಡ್ವೇನೋ ಈಗ," ಅಂದಳು.

ವ್ಯಾಯಾಮದ ದೊಡ್ಡ ಕೋಣೆಯಲ್ಲಿ ಇಡೀ ಶಾಲೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿತ್ತು. ಎದುರಿಗೆ ಎರಡು ಕುರ್ಚಿ, ನಡುವೆ ದೊಡ್ಡ ಹಾಳೆಗಳನ್ನು ಸಿಕ್ಕಿಸಿದ ಹಲಗೆ, ಒಂದು ಕಪ್ಪು ಪೆನ್ನು. ಆ ಹಲಗೆಯನ್ನು ಕಂಡದ್ದೇ, ಇವತ್ತು ನೆಲ್ಡಾಳನ್ನು ಬಿಡಿಸುವವನು ಅವನು ಎಂದು ಆರ್ಡಿಸ್‌ಗೆ ತಿಳಿದುಹೋಯಿತು. ಡಾರ್ಲಾ ಪುಸ್ತಕ ಓದಿದಳು. ಮಕ್ಕಳು ಬಾಯಿಪಾಠವಾದ ಕಡೆ ಜೊತೆಗೆ ಕೂಗಿದರು. ‘ನೆಲ್ಡಾಳನ್ನು ಯಾರೂ ತಬ್ಬಿಕೊಳ್ಳಲಿಲ್ಲ’ ಎಂಬಲ್ಲಿ ಎಂದಿನಂತೆ ಗೊಳ್ಳೆಂದು ನಕ್ಕರು. ಎಷ್ಟು ಸಾವಿರ ಮಕ್ಕಳ ಬಾಯಲ್ಲಿ ಆ ನಗು ಕೇಳಿದ್ದರೂ ಪ್ರತಿಸಲವೂ ಅವಳಿಗೆ ಆ ಕೋಟುಗಳ ಒದ್ದೆ ಉಣ್ಣೆಯ ವಾಸನೆ ಬರುತ್ತಿತ್ತು. ಆಮೇಲೆ ಡಾರ್ಲಾ ಚಪ್ಪಾಳೆ ತಟ್ಟಿದಳು. "ಇವತ್ತು ಮಿಸ್ಟರ್ ಪ್ರೂಯಿಟ್ ನಮಗೋಸ್ಕರ ನೆಲ್ಡಾನ ಬಿಡಿಸ್ತಾರೆ!"

ಅವನು ಎದ್ದ. ಹಲಗೆಯ ಬಳಿ ಹೋಗಿ ಬಹಳ ಹೊತ್ತು ಬರಿ ಹಾಳೆಯನ್ನೇ ನೋಡಿದ. ಕೊನೆಗೆ ಕೈಯನ್ನು ಜೇಬಿನಿಂದ ಹೊರಗೆಳೆದ. ಅದು ನಡುಗುತ್ತಿತ್ತು. ವಯಸ್ಸಾದವರ ಸಣ್ಣ ನಡುಕವಲ್ಲ, ನೀರಿನಿಂದ ಎತ್ತಿದ ಮೀನಿನ ಒದ್ದಾಟ. ಪೆನ್ನಿನ ಮುಚ್ಚಳ ಕಳಚಿ ನೆಲಕ್ಕೆ ಬಿದ್ದು ಉರುಳಿತು. ಅವನು ಪೆನ್ನನ್ನು ಹಾಳೆಗೆ ಒತ್ತಿದ. ಗೆರೆಯೊಂದು ಅಂಕುಡೊಂಕಾಗಿ ಹರಿದು ಎಲ್ಲೋ ಹೋಯಿತು.

ಆರ್ಡಿಸ್‌ಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅದನ್ನು ಅವಳು ತಡೆಯಲಾರಳಾದಳು. ಮೂವತ್ತು ವರ್ಷ ತನ್ನ ಮುಖವನ್ನು ಮುಳ್ಳಿನಿಂದ ಮುಚ್ಚಿದ ಕೈ ಇದು. ಇನ್ನು ಇದು ಏನನ್ನೂ ಬಿಡಿಸಲಾರದು. ಗೋಡೆಯ ಮೇಲಿನದನ್ನು ತನ್ನದೆಂದು ಹೇಳಿ ಪಕ್ಕದಲ್ಲೊಂದು ಬಿಡಿಸಿ ತೋರಿಸಲಾರದು. ತಾನು ಸುಮ್ಮನೆ ಕೂತರೆ ಸಾಕು, ಗೆದ್ದಂತೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮುಂದಿದ್ದ ಹುಡುಗನೊಬ್ಬ, "ಅವ್ರಿಗೆ ಚಳೀನಾ?" ಎಂದು ಪಿಸುಗುಟ್ಟಿದ. ಶಿಕ್ಷಕಿಯರು ಮುಗುಳ್ನಕ್ಕು, ಬಲು ಮರ್ಯಾದೆಯಿಂದ, ಬೇರೆ ಕಡೆ ನೋಡತೊಡಗಿದರು. ಒಬ್ಬಳು ಕಿಟಕಿಯನ್ನು, ಒಬ್ಬಳು ತನ್ನ ಬೂಟನ್ನು. ಆರ್ಡಿಸ್ ಆ ನೋಟವನ್ನು ಗುರುತಿಸಿದಳು. ಕುಡಿದ ಹಾಲು ವಿಷವಾಯಿತು. ಅವನ ಬೆನ್ನು ನೋಡಿದಳು. ಎಡಗೈ ಪಕ್ಕಕ್ಕೆ ಅಂಟಿಕೊಂಡಿತ್ತು.

ತಾನು ಯಾವಾಗ ಎದ್ದೆನೆಂದು ಅವಳಿಗೆ ತಿಳಿಯಲಿಲ್ಲ. ಅವನ ಪಕ್ಕ ನಿಂತು ಪೆನ್ನಿಗೆ ಕೈಚಾಚಿದಳು. ಅವನು ಬಿಡಲಿಲ್ಲ, ಬಿಡಲು ಆ ಬೆರಳುಗಳಿಗೆ ಆಗಲಿಲ್ಲ. ಒಂದೊಂದೇ ಬೆರಳನ್ನು ಅವಳೇ ಬಿಡಿಸಬೇಕಾಯಿತು. ಬೆಚ್ಚಗಿದ್ದವು. ಹಾಳೆ ತಿರುಗಿಸಿ ಬಿಡಿಸತೊಡಗಿದಳು. ಬೆನ್ನಿನ ಕಮಾನು, ಮುಳ್ಳುಗಳು, ಛತ್ರಿ. ಕಳ್ಳ ಮಾಲಿನ ಒಡೆಯನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಮಾಲು ಹರಡುತ್ತಿದ್ದೇನೆ ಎನ್ನಿಸಿ ಕಿವಿ ಕಾದವು. ಮಕ್ಕಳು "ಓ" ಎಂದರು. ಅದು ಅವಳ ಕಿವಿಗೆ ಬೀಳಲಿಲ್ಲ.

"ಮೂಗು ಚಿಕ್ಕದಾಯ್ತು," ಅವನು ಮೆಲ್ಲಗೆ ಅಂದ. "ನೀವು ಯಾವಾಗ್ಲೂ ಚಿಕ್ಕದು ಮಾಡ್ತೀರಿ."

ಪೆನ್ನು ನಿಂತಿತು. "ಯಾವಾಗ್ಲೂ?"

"ಮಕ್ಕಳು ನನ್ನ ಹತ್ರಾನೂ ಪುಸ್ತಕ ತರ್ತಾರೆ. ನಿಮ್ಮ ಸಹಿ, ಪಕ್ಕದಲ್ಲಿ ಪುಟ್ಟ ಮೂಗಿಂದು ಒಂದು. ಎಷ್ಟು ವರ್ಷದಿಂದ ನೋಡ್ತಿದೀನಿ. ಕೆಳಗೆ ನನ್ನ ಸಹಿ ಹಾಕಿ ಕಳಿಸ್ತಿದ್ದೆ."

"ಮತ್ತೆ ಯಾಕೆ ನೀವು..."

"ಕೇಳ್ಬಾರ್ದು ಅಂತಲ್ವಾ ಪದ್ಧತಿ," ಅಂದ. ಕಣ್ಣಂಚಿನಲ್ಲಿ ನಗುವಿನಂತಹದೇನೋ ಇತ್ತು. ಅವಳಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಪ್ರಶ್ನೆಗಳ ಸರದಿ. ನಿಮಗೆಷ್ಟು ವಯಸ್ಸು, ನಾಯಿ ಇದೆಯಾ, ನೀವಿಬ್ರೂ ಗಂಡ ಹೆಂಡ್ತೀನಾ. ಅದಕ್ಕೆ ಮಾರ್ಲಿಸ್ ಹಿಂದಿನಿಂದ ಜೋರಾಗಿ ನಕ್ಕಳು. ಆಮೇಲೆ ಎರಡನೆಯ ಸಾಲಿನಿಂದ ಒಂದು ಕೈ. ಹೋಡನ್ ಎಂಬ ಹುಡುಗಿ. ತಲೆಗೆ ನೀಲಿ ಬಟ್ಟೆ ಸುತ್ತಿಕೊಂಡು, ಮುಂದಿನ ಹಲ್ಲಿಲ್ಲದ ಬಾಯಲ್ಲಿ ಗಂಭೀರವಾಗಿ ಕೇಳಿದಳು.

"ಮಿಸ್ ಹಾಲ್ವರ್ಸನ್, ನೆಲ್ಡಾ ಯಾಕೆ ಮುಳ್ಳುಹಂದಿ? ಹೋದ ವರ್ಷ ಕೇಳ್ದಾಗ, ಹಿಂದೆ ನಿಮ್ಮ ಸೇಬಿನ ಮರದ ಮೇಲೆ ಒಂದು ಮುಳ್ಳುಹಂದಿ ನೋಡಿದ್ರಂತೆ, ಅದಕ್ಕೇ ಅಂದ್ರಿ. ಅದು ನಿಜಾನಾ?"

ಆರ್ಡಿಸಳ ಹಿತ್ತಿಲಲ್ಲಿ ಸೇಬಿನ ಮರವೇ ಇರಲಿಲ್ಲ. ಪಕ್ಕದಲ್ಲಿ ಅವನು ಉಸಿರಾಡುವುದು ಕೇಳುತ್ತಿತ್ತು. ನಿಜ ಅಂದರೆ ಅವನೇನೂ ಅನ್ನುವುದಿಲ್ಲ. ಇಷ್ಟು ವರ್ಷ ಅನ್ನದವನು ಈಗಲೂ ಕೆಳಗೆ ಸಹಿ ಹಾಕಿ ಕಳಿಸುತ್ತಾನೆ.

"ಇಲ್ಲ," ಅಂದಳು. "ಅದು ಸುಳ್ಳು. ಮುಳ್ಳುಹಂದಿ ಮಾಡಿದ್ದು ಇವ್ರು. ಚಿತ್ರ ಎಲ್ಲಾ ಇವ್ರದೇ, ಗೋಡೆ ಮೇಲಿರೋದನ್ನ ನಾನು ನೋಡ್ಕೊಂಡು ಕಲ್ತಿದ್ದು. ನಾನು ಬರ್ದಿದ್ದು ಒಂದು ಹುಡುಗಿ ಬಗ್ಗೆ."

ಕೋಣೆಯಲ್ಲಿ ಗುಸುಗುಸು ಎದ್ದಿತು. ಡಾರ್ಲಾಳ ಮುಖ ಬಿಳಚಿಕೊಂಡಿತು. ಯಾರ ಬಾಯಿಂದಲೂ "ಓ" ಬರಲಿಲ್ಲ. ಹೋಡನ್ ಮಾತ್ರ ಬಿಡುವವಳಲ್ಲ, ಈಗ ಮುದುಕನ ಕಡೆ ತಿರುಗಿದಳು. "ಹುಡುಗಿ ಅಂತ ಬರ್ದಿದ್ರೆ ನೀವ್ಯಾಕೆ ಮುಳ್ಳುಹಂದಿ ಮಾಡಿದ್ರಿ?"

ಅವನು ಕುರ್ಚಿಯ ತುದಿಗೆ ಸರಿದು ಕೂತ. "ನಾನು ಮೊದ್ಲು ಹುಡುಗೀನೇ ಬಿಡ್ಸಿದ್ದೆ ಕಣಮ್ಮ. ಎಷ್ಟೋ ಸಲ ಬಿಡ್ಸಿ ಎಷ್ಟೋ ಸಲ ಹರ್ದೆ. ಬಾಗಿಲು ಬಂತು, ಬೂಟು ಬಂತು, ಮುಖ ಬರ್ಲಿಲ್ಲ. ಬಾಗಿಲ ಹತ್ರ ನಿಂತಿದಾಳಲ್ಲ, ಅವಳಿಗೆ ಸಿಟ್ಟು ಬಂದಿದ್ಯೋ ಹೆದ್ರಿಕೆ ಆಗಿದ್ಯೋ ಪುಸ್ತಕದಲ್ಲಿ ಬರ್ದಿರ್ಲಿಲ್ಲ. ಇವ್ರನ್ನ ಕೇಳೋ ಹಾಗಿರ್ಲಿಲ್ಲ. ಗೊತ್ತಾಗದೆ ಕೊನೆಗೆ ಮುಳ್ಳು ಹೊದ್ಸಿಬಿಟ್ಟೆ. ಎಲ್ರೂ ಚೆನ್ನಾಗಿದೆ ಅಂದ್ರು. ನಂಗೊತ್ತಿತ್ತು, ಕೈಲಾಗ್ದೆ ಮಾಡಿದ್ದು ಅದು."

ಕೈಲಾಗದೆ. ಆರ್ಡಿಸ್ ಆ ಮಾತನ್ನು ಹಿಡಿದುಕೊಂಡು ಕೂತಳು. ಮೂವತ್ತು ವರ್ಷ ಯಾರ ಮೇಲೆ ಹಲ್ಲು ಮಸೆದೆ? ನ್ಯೂಮೆಕ್ಸಿಕೋದ ಯಾವುದೋ ಕೋಣೆಯಲ್ಲಿ ಒಬ್ಬ ಗಂಡಸು ಇವಳ ಮುಖವನ್ನು ಹುಡುಕಿ ಹುಡುಕಿ ಕಾಗದ ಹರಿಯುತ್ತಿದ್ದ. ಇವಳು ಒಂದು ಫೋನು ಮಾಡಿ, ಅದು ಹಾಗಲ್ಲ ಕಣಪ್ಪ, ಹೀಗೆ ಅಂದಿದ್ದರೆ ಮುಗಿಯುತ್ತಿತ್ತು. ಇನ್ನೊಂದು ಸಲ ಕೇಳಬಾರದಿತ್ತೆ ಎಂದು ಲೋಕದ ಮೇಲೆಲ್ಲ ಮುನಿಸಿಕೊಂಡವಳು ತಾನು ಯಾರನ್ನು ಕೇಳಿದ್ದಳು?

"ಹಾಗಾದ್ರೆ ಅವಳ ಮುಖ ಹೆಂಗಿತ್ತು?" ಹೋಡನ್ ಕೇಳಿದಳು.

ಎಲ್ಲರೂ ಆರ್ಡಿಸಳನ್ನು ನೋಡಿದರು. ಅವಳು ಎದ್ದು ಹಲಗೆಯ ಬಳಿ ಹೋದಳು, ಹೊಸ ಹಾಳೆ ತಿರುಗಿಸಿದಳು, ಪೆನ್ನು ಎತ್ತಿದಳು. ಕೈಗೆ ಮುಳ್ಳುಹಂದಿಯೊಂದೇ ಬರುತ್ತಿತ್ತು. ಅಷ್ಟನ್ನೇ ಅದು ಕಲಿತದ್ದು. ಪೆನ್ನು ಗಾಳಿಯಲ್ಲಿ ನಿಂತುಬಿಟ್ಟಿತು.

ಲೀಲ್ಯಾಂಡ್ ಪ್ರೂಯಿಟ್ ಎದ್ದು ಬಂದ. ಈ ಸಲ ಪೆನ್ನನ್ನು ಅವನೇ ಅವಳ ಕೈಯಿಂದ ತೆಗೆದುಕೊಂಡ. ಅವಳ ಮುಖವನ್ನು ನೋಡಿದ. ಊರಿನವರು ನೋಡುವಂತೆ ಅಲ್ಲಿ ಇಲ್ಲಿ ತಾಗಿಸಿ ಜಾರಿಸದೆ, ಮರ ಕುಯ್ಯುವವನು ಮರವನ್ನು ನೋಡುವಂತೆ, ನೆಟ್ಟು ನೋಡಿದ.

"ಹಾಗೇ ನಿಂತಿರಿ," ಅಂದ. "ಅಲ್ಲಾಡ್ಬೇಡಿ."

ಅವಳು ನಿಂತಳು. ಕೈಗಳು ಪಕ್ಕಕ್ಕೆ ಅಂಟಿಕೊಂಡವು. ಇಡೀ ಶಾಲೆಯ ಕಣ್ಣು ಮೈಮೇಲಿತ್ತು, ಓಡಿಹೋಗಬೇಕೆನಿಸಿತು, ಆದರೂ ನಿಂತಳು. ಪೆನ್ನು ಹಾಳೆಯ ಮೇಲೆ ತಡವರಿಸಿ ಓಡಾಡುವ ಸದ್ದು ಕೇಳುತ್ತಿತ್ತು. ನಡುಗುವ ಗೆರೆ ಕೂದಲಾಯಿತು, ಬಿಗಿದ ತುಟಿಯಾಯಿತು. ಪೆನ್ನು ಜಾರಿ ಚೆಲ್ಲಿದ ಚುಕ್ಕೆಗಳು ಮೂಗಿನ ಮೇಲೆ ಉಳಿದವು. ಈ ಸಲ ಯಾರೂ ಕಿಸಕ್ಕೆನ್ನಲಿಲ್ಲ. ಬಹಳ ಹೊತ್ತಾದ ಮೇಲೆ ಅವನು ಪಕ್ಕಕ್ಕೆ ಸರಿದು ಕೈಯನ್ನು ಕೆಳಗಿಳಿಸಿದ. ಜೇಬಿಗೆ ಹಾಕಲಿಲ್ಲ.

ಹೋಡನ್ ಕೂತಲ್ಲಿಂದ ಎದ್ದು, ಯಾರ ಅಪ್ಪಣೆಯನ್ನೂ ಕೇಳದೆ ಹಲಗೆಯ ತನಕ ಬಂದು, ಆ ಮುಖವನ್ನು ಹತ್ತಿರದಿಂದ ನೋಡಿದಳು.

"ಸಿಟ್ಟಿಲ್ಲ ಅವಳಿಗೆ," ಅಂದಳು. "ಹೆದ್ರಿಕೊಂಡಿದಾಳೆ."

"ಹೌದು," ಅಂದಳು ಆರ್ಡಿಸ್.